ಕೈ ನಡುಕ, ಸ್ನಾಯು ದೌರ್ಬಲ್ಯ ಇರೋರ ಮೌಸ್ ಡೇಟಾದಲ್ಲಿ ಟೈಮ್ ಮತ್ತೆ ತಪ್ಪು ಕ್ಲಿಕ್ ನೋಡಿದ್ರೆ ಸಾಕಾ?

ಸಾಕಾಗಲ್ಲ. ಗುರಿ, ಅಂದ್ರೆ ಕ್ಲಿಕ್ ಮಾಡ್ಬೇಕಾದ ಬಟನ್, ಮುಟ್ಟೋಕೆ ಎಷ್ಟು ಟೈಮ್ ಆಯ್ತು, ಎಷ್ಟು ಸಲ ತಪ್ಪಿತು, ಇವೆರಡರಿಂದ ಅವರಿಗೆ ಕಷ್ಟ ಆಗ್ತಿದೆ ಅಂತ ಗೊತ್ತಾಗತ್ತೆ ಅಷ್ಟೇ, ಅದು ಮೊದಲೇ ಗೊತ್ತಿತ್ತಲ್ವಾ! ಕಷ್ಟ ಎಲ್ಲಿ ಅನ್ನೋದು ಕರ್ಸರ್ ಹೋದ ದಾರೀಲಿ ಸಿಗತ್ತೆ.

ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಕೊಟ್ಟ ಸೂತ್ರ ಓದಿರ್ತೀರ, ದೂರ ಹೆಚ್ಚಾದಷ್ಟೂ ಗುರಿ ಚಿಕ್ಕದಾದಷ್ಟೂ ಟೈಮ್ ಜಾಸ್ತಿ ಅಂತ, ಆದ್ರೆ ಅದು ಹೇಳೋದು ಒಟ್ಟು ಟೈಮ್ ಬಗ್ಗೆ ಮಾತ್ರ. ಇಬ್ಬರಿಗೂ 6 ಸೆಕೆಂಡ್ ಆಯ್ತು ಅಂದ್ಕೊಳ್ಳಿ. ಒಬ್ಬರು ನಡುಕ ಇರೋರು, ಬಟನ್ ಹತ್ರ ಬೇಗನೇ ಬಂದು ಆಮೇಲೆ ಒಳಗೆ ಹೊರಗೆ ಒಳಗೆ ಹೊರಗೆ ಒದ್ದಾಡಿರ್ತಾರೆ. ಇನ್ನೊಬ್ಬರಿಗೆ ಕೈಯಲ್ಲಿ ಶಕ್ತಿ ಕಮ್ಮಿ, ನೇರವಾಗೇ ಹೋಗಿರ್ತಾರೆ ಆದ್ರೆ ಸ್ವಲ್ಪ ಸರಿಸೋದು ನಿಲ್ಲೋದು ಮತ್ತೆ ಸರಿಸೋದು. ಮೊದಲನೆಯವರಿಗೆ ದೊಡ್ಡ ಬಟನ್ ಬೇಕು, ಎರಡನೆಯವರಿಗೆ ಕರ್ಸರ್ ಸ್ಪೀಡ್ ಹೆಚ್ಚಿಸಿದ್ರೇ ಅನುಕೂಲ ಆಗ್ಬೋದು, ನಿಮ್ಮ ಟೇಬಲ್‌ನಲ್ಲಿ ಮಾತ್ರ ಇಬ್ಬರೂ ಒಂದೇ ನಂಬರ್!

ಅದಕ್ಕೇ ಗುರಿಯೊಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಗಿದ್ದು ಎಷ್ಟು ಸಲ, ದಿಕ್ಕು ಎಷ್ಟು ಸಲ ಬದಲಾಯ್ತು, ನೇರ ಗೆರೆಯಿಂದ ಎಷ್ಟು ಆಚೆ ಹೋಯ್ತು ಅಂತ ಲೆಕ್ಕ ಹಾಕಿ. ಇಂಥ ಅಳತೆಗಳನ್ನ ಮೆಕೆಂಜಿ ಅನ್ನೋ ಸಂಶೋಧಕರು ಮತ್ತೆ ಜೊತೆಗಾರರು 2001ರಲ್ಲೇ ಬರೆದಿಟ್ಟಿದಾರೆ. ವೇಗದ ಗ್ರಾಫ್ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣತ್ತೆ, ಒಂದೊಂದು ಏರಿಳಿತವೂ ಒಂದೊಂದು ಪುಟ್ಟ ಚಲನೆ, ಮಧ್ಯೆ ಸೊನ್ನೆಗೆ ಇಳಿದ ಜಾಗ ಅಂದ್ರೆ ಅಲ್ಲಿ ನಿಂತಿದ್ದು.

ಕ್ಲಿಕ್ ಬಗ್ಗೆ ತುಂಬ ಜನ ಯೋಚನೆ ಮಾಡಲ್ಲ. ಒತ್ತಿದ್ದು ಬಿಟ್ಟಿದ್ದು ಎರಡನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ. ಗುರಿ ಮೇಲೇ ಸರಿಯಾಗಿ ಒತ್ತಿ, ಬೆರಳು ಬಿಡೋ ಹೊತ್ತಿಗೆ ಕೈ ಜಾರಿ ಆಚೆ ಹೋಗಿರತ್ತೆ, ನಿಮ್ಮ ಸಾಫ್ಟ್‌ವೇರ್ ಅದನ್ನ ಬರೀ ತಪ್ಪು ಅಂತ ಬರ್ಕೊಳತ್ತೆ. 2006ರಲ್ಲಿ ಬಂದ ಸ್ಟೆಡಿ ಕ್ಲಿಕ್ಸ್ ಅನ್ನೋ ಐಡಿಯಾ ಇದಕ್ಕೇ ಹುಟ್ಟಿದ್ದು, ಬಟನ್ ಒತ್ತಿರೋವಾಗ ಕರ್ಸರ್‌ನ ಅಲ್ಲೇ ಹಿಡಿದಿಡೋದು.

ಇನ್ನೊಂದು, ಡೇಟಾ ನೀಟಾಗಿ ಕಾಣ್ಲಿ ಅಂತ ಸ್ಮೂತಿಂಗ್, ಅಂದ್ರೆ ಫಿಲ್ಟರ್ ಹಾಕಿ ಸಣ್ಣ ಏರಿಳಿತ ಸಮ ಮಾಡೋದು, ಮಾಡೋಕೆ ಹೋಗ್ಬೇಡಿ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಸಲ ಇರತ್ತೆ, ಫಿಲ್ಟರ್ ಜೋರಾಗಿದ್ರೆ ನೀವು ಹುಡುಕ್ತಿರೋದೇ ಅಳಿಸಿಹೋಗತ್ತೆ. ಮಾಡ್ಲೇಬೇಕಿದ್ರೆ ಒರಿಜಿನಲ್ ಫೈಲ್ ಮುಟ್ಟದೆ ಕಾಪಿ ಮೇಲೆ ಮಾಡಿ.

ಎಲ್ಲರದ್ದೂ ಸೇರಿಸಿ ಸರಾಸರಿ ತೆಗೆಯೋದೂ ಬೇಡ, ಒಬ್ಬೊಬ್ಬರದ್ದೂ ಬೇರೆ ನೋಡಿ, ಶುರುವಿನ ಪ್ರಯತ್ನ ಕೊನೆಯ ಪ್ರಯತ್ನನೂ ಬೇರೆ ಇಡಿ ಯಾಕಂದ್ರೆ ಸುಸ್ತು ಬೇಗ ಆಗತ್ತೆ. ಆಮೇಲೆ ಪ್ರತಿ ಕಂಪ್ಯೂಟರಲ್ಲೂ ಕರ್ಸರ್ ಸ್ಪೀಡ್, ಆಕ್ಸಿಲರೇಶನ್ (ಮೌಸ್ ಜೋರಾಗಿ ಸರಿಸಿದ್ರೆ ಕರ್ಸರ್ ಇನ್ನೂ ದೂರ ಹೋಗೋ ಸೆಟ್ಟಿಂಗ್) ಆನ್ ಇತ್ತಾ ಆಫ್ ಇತ್ತಾ ಅಂತ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ನೀವು ಅಳೀತಿರೋದು ಕೈಯನ್ನಾ ಸೆಟ್ಟಿಂಗನ್ನಾ ಅಂತ ಹೇಳೋಕಾಗಲ್ಲ.