ಯುಎನ್ ಕಾರ್ಡ್ ಬಗ್ಗೆ ಕೇಳಿದ ತಂಗಿಗೆ

ಕುಶಾಲನಗರದವಳು ಅಂದೆಯಲ್ಲ, ನಾನು ಪಿರಿಯಾಪಟ್ಟಣದವಳು. ಅದಕ್ಕೇ ನೀನು ಅಂತಲೇ ಬರೀತೀನಿ.

ಕ್ವಾಲಾಲಂಪುರದಲ್ಲಿ ಮನೆ ಎಲ್‌ಆರ್‌ಟಿ (ಇಲ್ಲಿಯ ನಗರ ರೈಲು) ಸ್ಟೇಷನ್ ಹತ್ತಿರ ನೋಡು. ಬೇಳೆ, ಅಕ್ಕಿ ಭಾರತೀಯರ ಅಂಗಡಿಗಳಿರೋ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಸಿಗುತ್ತೆ. ಸಾರಿನ ಪುಡಿ ಮಾತ್ರ ಊರಿಂದಲೇ ಬರಬೇಕು.

ಮೆಟ್ಟಿಲು ತೊಳೆಯೋ ರೋಹಿಂಗ್ಯಾ ಹೆಂಗಸು ಯುಎನ್ ಕಾರ್ಡ್, ಅಂದರೆ ನಿರಾಶ್ರಿತರಿಗೆ ವಿಶ್ವಸಂಸ್ಥೆ ಕೊಡೋ ಗುರುತಿನ ಚೀಟಿ, ತೋರಿಸಿದಳು, ಮನೆಗೆಲಸಕ್ಕೆ ಇಟ್ಕೊಂಡರೆ ತೊಂದರೆ ಇದೆಯಾ ಅಂತ ಕೇಳಿದೀಯ. ಇದೆ, ನಿನಗಿಂತ ಅವಳಿಗೇ ಹೆಚ್ಚು. ಮಲೇಶಿಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಇಲ್ಲಿಯ ವಲಸೆ ಕಾಯ್ದೆಗೆ ಜೀವ ಉಳಿಸಿಕೊಳ್ಳಲು ಓಡಿಬಂದವರೂ ಒಂದೇ, ವೀಸಾ ಇಲ್ಲದೆ ನುಸುಳಿದವರೂ ಒಂದೇ. ಆ ಕಾರ್ಡಿನಿಂದ ಕೆಲಸ ಮಾಡೋ ಹಕ್ಕು ಬರಲ್ಲ.

ಅಪಾಯ ಇರೋ ಕಡೆಗೆ ಯಾರನ್ನೂ ವಾಪಸ್ ಅಟ್ಟಬಾರದು ಅಂತ ಏಷ್ಯಾ, ಆಫ್ರಿಕಾದ ದೇಶಗಳು 1966ರಲ್ಲಿ ಬ್ಯಾಂಕಾಕ್‌ನಲ್ಲಿ ತತ್ವಗಳನ್ನು ಬರೆದವು, 2001ರಲ್ಲಿ ದೆಹಲಿಯಲ್ಲಿ ತಿದ್ದಿ ಮತ್ತೆ ಒಪ್ಪಿದವು. ಒಳ್ಳೆಯ ಮಾತುಗಳೇ, ಆದರೆ ಯಾವ ಸರ್ಕಾರವನ್ನೂ ಕಟ್ಟಿಹಾಕಲ್ಲ. 2015ರ ಮೇ ತಿಂಗಳಲ್ಲಿ ಅಂಡಮಾನ್ ಸಮುದ್ರಕ್ಕೆ ಬಂದ ದೋಣಿಗಳನ್ನು ಥಾಯ್ಲೆಂಡ್, ಮಲೇಶಿಯಾ, ಇಂಡೋನೇಷ್ಯಾ ಮೂರೂ ಆಚೆ ತಳ್ಳಿದವು. ಎಷ್ಟೋ ದಿನ ಜನ ನೀರಲ್ಲೇ ಇದ್ದರು. ಆಮೇಲೆ ಮಲೇಶಿಯಾ, ಇಂಡೋನೇಷ್ಯಾ ಒಂದು ವರ್ಷದ ಮಟ್ಟಿಗೆ ಇಳಿಸಿಕೊಳ್ಳಲು ಒಪ್ಪಿದವು.

1951ರ ಆ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿಲ್ಲ. ನಮ್ಮೂರ ಹತ್ತಿರದ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಮೀನು ಸಿಕ್ಕಿದ್ದು ಸರ್ಕಾರ ಮನಸ್ಸು ಮಾಡಿದ್ದರಿಂದ, ನಿರಾಶ್ರಿತರ ಕಾಯ್ದೆ ಇದ್ದುದರಿಂದಲ್ಲ. ಇದು ಊರಲ್ಲಿದ್ದಾಗ ನನಗೆ ಗೊತ್ತಿರಲಿಲ್ಲ. ನಿರಾಶ್ರಿತರು ಅಂದರೆ ಮುಸುಕಿನ ಜೋಳ ಬೆಳೆಯೋ ನೆರೆಯವರು ಅಂದುಕೊಂಡೇ ಬೆಳೆದೆ.

ಹಾಗೇ 2009ರಲ್ಲಿ ಇಲ್ಲಿಗೆ ಬಂದೆ. ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ತಟ್ಟೆ ತೊಳೆಯೋ ಹುಡುಗನೊಬ್ಬನಿದ್ದ. ಅವನೂ ತನ್ನ ಯುಎನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಒಳಜೇಬಲ್ಲಿ ಇಟ್ಟಿರುತ್ತಿದ್ದ. ಒಂದು ಸಂಜೆ ಮುಖ್ಯರಸ್ತೆಯಲ್ಲಿ ತಪಾಸಣೆ ಇದೆಯಂತೆ, ಹೋಗಲಾ ಬೇಡವಾ ಅಂತ ನನ್ನನ್ನೇ ಕೇಳಿದ. "ಕಾರ್ಡ್ ಇದೆಯಲ್ಲ, ಏನೂ ಆಗಲ್ಲ ಹೋಗು" ಅಂದುಬಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಬಂದ. ತಲೆ ಬೋಳಿಸಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಸಾಮಾನು ಹಿಡಿದು ಬರ್ತಿರೋದು ನೋಡಿ ಲಿಫ್ಟಿನ ಬಾಗಿಲು ಹಿಡಿದು ನಿಂತ. ಆ ಲಿಫ್ಟ್ ಹತ್ತಿದ್ದು ಇವತ್ತಿಗೂ ನನ್ನನ್ನು ಸುಡುತ್ತೆ, ತಂಗಿ.

ಮೆಟ್ಟಿಲು ತೊಳೆಯೋ ಆ ಹೆಂಗಸಿನ ಕಾರ್ಡಿನ ನಂಬರು ಬರೆದಿಟ್ಟುಕೋ. ಹಿಡಿದರು ಅಂತ ಫೋನ್ ಬಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ತಿಳಿಸೋಕೆ ಬೇಕಾಗುತ್ತೆ. ಭಾನುವಾರ ಊಟಕ್ಕೆ ಬಾ, ಅವಳನ್ನೂ ಕರೆ. ಬಸ್ಸಲ್ಲಿ ಮಾತ್ರ ಬೇಡ, ನಾನೇ ಕಾರು ತರ್ತೀನಿ.