ಹೊಳೆಯ ದಂಡೆಯಲ್ಲಿ ಒಬ್ಬರೇ ಕೂರುವುದು ಚಿಕಿತ್ಸೆಯೇ?

ಪ್ರಶ್ನೆ: ನನ್ನ ಯಜಮಾನರು 24 ವರ್ಷ ಸೈನ್ಯದಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಗಡಿಯಲ್ಲಿ ಕಣ್ಣೆದುರೇ ಜೊತೆಯವರನ್ನು ಕಳೆದುಕೊಂಡಿದ್ದಾರೆ ಎಂಬುದಷ್ಟೇ ನಮಗೆ ಗೊತ್ತು, ಆ ವಿಷಯ ಅವರು ಎತ್ತುವುದಿಲ್ಲ. ರಾತ್ರಿ ಬೆಚ್ಚಿ ಏಳುತ್ತಾರೆ. ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆಂದು ಬಾಗಿಲು ಹಾಕಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ವೈದ್ಯರ ಹೆಸರೆತ್ತಿದರೆ ಸಿಟ್ಟು. ಆದರೆ ಗಾಳ ಹಿಡಿದು ಹೊಳೆಯ ಬಳಿ ಕುಳಿತರೆ ಸಂಜೆಯವರೆಗೂ ಶಾಂತರಾಗಿರುತ್ತಾರೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಮೀನು ಹಿಡಿಸಿಯೇ ಚಿಕಿತ್ಸೆ ಕೊಡುತ್ತಾರೆಂದು ಅಲ್ಲಿರುವ ನನ್ನ ತಮ್ಮ ಹೇಳಿದ. ಹಾಗಿದ್ದರೆ ಇವರನ್ನು ಇವರ ಪಾಡಿಗೆ ಬಿಟ್ಟುಬಿಡಬಹುದೇ?
— ಕೊಡಗಿನ ಓದುಗರೊಬ್ಬರು

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅರ್ಧ. ನೀವು ಬರೆದಿರುವ ಲಕ್ಷಣಗಳು ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ಹೋಲುತ್ತವೆ. ನಿಮ್ಮ ಯಜಮಾನರನ್ನು ಕಣ್ಣಾರೆ ನೋಡದೆ ನಾನು ಅದೇ ಎಂದು ಹೆಸರಿಡಲಾರೆ.

ಅಮೆರಿಕದ ಆ ಕಾರ್ಯಕ್ರಮದ ಹೆಸರು ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಫ್ಲೈ ಫಿಶಿಂಗ್. ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ಎಡ್ ನಿಕೋಲ್ಸನ್ ಅವರು ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಸ್ವತಃ ರೋಗಿಯಾಗಿದ್ದಾಗ, ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಗಾಯಗೊಂಡು ಬಂದ ಯುವಕರನ್ನು ಕಂಡು 2005ರಲ್ಲಿ ಇದನ್ನು ಆರಂಭಿಸಿದರು. ಗಾಳ ಬೀಸುವ ಮೊದಲ ಪಾಠಗಳು ನಡೆದದ್ದು ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ. ಅಲ್ಲಿ ನೀರೂ ಇರಲಿಲ್ಲ, ಮೀನೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಸಂಗತಿ ಮುಖ್ಯವೆಂದು ನನಗೆ ತೋರುತ್ತದೆ.

ನಮ್ಮಲ್ಲಿ ಗಾಳ ಹಾಕುವಾಗ ದಾರವನ್ನು ದೂರಕ್ಕೆ ಒಯ್ಯುವುದು ಎರೆಯ ಅಥವಾ ಸೀಸದ ಗುಂಡಿನ ಭಾರ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಪುಕ್ಕ, ರೋಮ, ನೂಲು ಸುತ್ತಿ ಮಾಡಿದ ಹುಳುವಿಗೆ ಭಾರವೇ ಇರುವುದಿಲ್ಲವಾದ್ದರಿಂದ, ದಪ್ಪನೆಯ ದಾರವೇ ತನ್ನ ತೂಕದಿಂದ ಅದನ್ನು ಎಳೆದೊಯ್ಯಬೇಕು. ಅದಕ್ಕಾಗಿ ಕೋಲನ್ನು ಮೊದಲು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕ್ಷಣಕಾಲ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದರೆ ದಾರ ಚಾವಟಿಯಂತೆ ಛಟೀರೆನ್ನುತ್ತದೆ, ಕೆಲವೊಮ್ಮೆ ಹುಳುವೇ ಹರಿದುಹೋಗುತ್ತದೆ. ತೋಳಿನ ಬಲದಿಂದ ಆಗದ ಕೆಲಸವಿದು. ಸದಾ ಅಪಾಯವನ್ನು ಹುಡುಕುತ್ತ ಬಿಗಿದುಕೊಂಡಿರುವ ಮನಸ್ಸಿಗೆ ಆ ಹೊತ್ತಿನಲ್ಲಿ ಬೇರೊಂದು ಕೆಲಸ ಸಿಗುತ್ತದೆ. ಕಣ್ಣು ಹೊಂಚುವುದನ್ನು ಬಿಡುವುದಿಲ್ಲ, ಆದರೆ ಅದು ಹೊಂಚುವುದು ನೀರಿನ ಮೇಲಿನ ಸುಳಿಯನ್ನು, ಮೀನು ಎದ್ದ ಗುರುತನ್ನು. ಕಾವಲು ಕಾದವರಿಗೆ ಇದು ಬಹುಬೇಗ ಒಲಿಯುವುದರಲ್ಲಿ ಆಶ್ಚರ್ಯವಿಲ್ಲ.

ಇದರಿಂದ ಫಲವಿದೆಯೇ? 2013ರಲ್ಲಿ ಮಿಲಿಟರಿ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಾಥಮಿಕ ಅಧ್ಯಯನವೊಂದು ಪಿಟಿಎಸ್‌ಡಿ ಇದ್ದ 74 ಮಾಜಿ ಸೈನಿಕರನ್ನು ಕೆಲವು ದಿನಗಳ ಫ್ಲೈ ಫಿಶಿಂಗ್ ಪ್ರವಾಸಕ್ಕೆ ಕರೆದೊಯ್ದು ಗಮನಿಸಿತು. ಪ್ರವಾಸದ ಕೊನೆಗೆ ಆತಂಕ ಮತ್ತು ಖಿನ್ನತೆ ಇಳಿದಿದ್ದವು, ಆರು ವಾರಗಳ ನಂತರವೂ ನಿದ್ದೆ ಮೊದಲಿಗಿಂತ ಸುಧಾರಿಸಿತ್ತು. ಆದರೆ ಹೋಲಿಕೆಗೆ ಪ್ರವಾಸಕ್ಕೆ ಹೋಗದ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಗುಣ ಕಂಡದ್ದು ಗಾಳದಿಂದಲೋ, ಹೊಳೆಯಿಂದಲೋ, ತಮ್ಮಂಥವರ ಜೊತೆ ಕೆಲವು ದಿನ ಕಳೆದುದರಿಂದಲೋ ಎಂದು ಅದರಿಂದ ಹೇಳಲಾಗದು. ನೀರೇ ಇಲ್ಲದ ಆ ಹುಲ್ಲುಹಾಸಿನ ಪಾಠಗಳನ್ನು ನೆನೆದರೆ, ನನ್ನ ಅನಿಸಿಕೆಯಲ್ಲಿ ಹೆಚ್ಚಿನ ಪಾಲು ಕೊನೆಯದರದ್ದು. ಎದುರುಬದುರು ಕುಳಿತು ‘ಏನಾಯಿತು ಹೇಳಿ’ ಎಂದು ಕೇಳಿದರೆ ಬಾಯಿ ಬಿಡದವರು, ಪಕ್ಕದಲ್ಲಿ ಕುಳಿತು ಪುಕ್ಕ ಕಟ್ಟುತ್ತಿರುವ ಇನ್ನೊಬ್ಬ ಸೈನಿಕನ ಬಳಿ, ಕಣ್ಣು ಕೊಕ್ಕೆಯ ಮೇಲಿಟ್ಟುಕೊಂಡೇ, ಎರಡು ಮಾತು ಆಡುತ್ತಾರೆ.

ನಿಮ್ಮ ಮನೆಯ ಸಂಗತಿ ಬೇರೆಯಾಗುವುದು ಇಲ್ಲಿಯೇ. ನಿಮ್ಮ ಯಜಮಾನರು ಹೊಳೆಗೆ ಹೋಗುವುದು ಒಬ್ಬರೇ. ನೆನಪನ್ನು ಕೆದಕುವ ಜನ, ಸದ್ದು, ಸ್ಥಳಗಳಿಂದ ದೂರವಿರುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ದೂರವಿದ್ದಷ್ಟು ಹೊತ್ತು ಶಾಂತಿ ಸಿಗುತ್ತದೆ, ಆದರೆ ಅದೇ ಶಾಂತಿ ಭಯವನ್ನು ಇದ್ದಲ್ಲಿಯೇ ಕಾಪಾಡುತ್ತದೆ. ಹೊಳೆಯಿಂದ ಬಂದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆಯೇ, ಮನೆಯವರೊಡನೆ ಮಾತು ಹೆಚ್ಚುತ್ತದೆಯೇ ಎಂದು ಎರಡು ವಾರ ಗಮನಿಸಿ. ಬರುವುದಾದರೆ ಗಾಳ ಅವರಿಗೆ ಒಳ್ಳೆಯದನ್ನೇ ಮಾಡುತ್ತಿದೆ. ಹೊಳೆಯಲ್ಲಿ ಕಳೆಯುವ ಗಂಟೆಗಳು ಮಾತ್ರ ಏರುತ್ತ, ಉಳಿದದ್ದೆಲ್ಲ ಕುಗ್ಗುತ್ತಿದ್ದರೆ ಅದು ಅಡಗುತಾಣವಾಗಿದೆ. ಎರಡೂ ಸಂದರ್ಭಗಳಲ್ಲಿ ಗಾಳವನ್ನು ಕಿತ್ತುಕೊಳ್ಳಬೇಡಿ, ಜೊತೆಗೆ ಒಬ್ಬರನ್ನು ಸೇರಿಸಿ. ಊರಿನಲ್ಲಿ ಮಾಜಿ ಸೈನಿಕರಿಗೇನೂ ಕೊರತೆಯಿಲ್ಲವಲ್ಲ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಇಬ್ಬರು ಒಟ್ಟಿಗೆ ಹೋದರೂ ಸಾಕು. ಮಳೆಗಾಲದಲ್ಲಿ, ಮಾತ್ರೆ ಅಥವಾ ಮದ್ಯ ತೆಗೆದುಕೊಂಡಾಗ ನೀರಿಗಿಳಿಯುವುದು ಬೇಡ. ಎಲ್ಲಿ ಮೀನು ಹಿಡಿಯಲು ಅನುಮತಿಯಿದೆ ಎಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ.

ಚಿಕಿತ್ಸೆ ಮಾತ್ರ ಬೇರೆಯೇ ಆಗಬೇಕು. ಭಯಪಟ್ಟ ನೆನಪನ್ನು ತಜ್ಞರ ಸಮ್ಮುಖದಲ್ಲಿ ಸ್ವಲ್ಪಸ್ವಲ್ಪವಾಗಿ ಎದುರಿಸುವ ಮನಶ್ಚಿಕಿತ್ಸೆಗೆ ಗಟ್ಟಿ ಪುರಾವೆಯಿದೆ. ಅದು ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ಮುಗಿಯುತ್ತದೆ, ವರ್ಷಗಟ್ಟಲೆ ಅಲೆಯಬೇಕಿಲ್ಲ. ಅಮೆರಿಕದಲ್ಲಿಯೂ ಗಾಳದ ತರಗತಿಗಳು ಇದರ ಬದಲಿಗಲ್ಲ, ಇದರ ಜೊತೆಗೆ ನಡೆಯುತ್ತವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದರೆ ಹತ್ತಿರದ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ. ‘ಮನಸ್ಸಿನ ಕಾಯಿಲೆ’ ಎಂಬ ಮಾತಿನಿಂದ ಆರಂಭಿಸಬೇಡಿ, ‘ನಿಮಗೆ ನಿದ್ದೆ ಇಲ್ಲ, ಅದನ್ನು ಸರಿ ಮಾಡಿಸೋಣ’ ಎನ್ನಿ. ನಿದ್ದೆಗಾಗಿ ವೈದ್ಯರ ಬಳಿ ಹೋಗಲು ಸೈನಿಕರು ನಾಚುವುದಿಲ್ಲ.

ಕೊನೆಯದಾಗಿ, ಕೊಡಗಿನ ಅನೇಕ ಮನೆಗಳಲ್ಲಿರುವಂತೆ ನಿಮ್ಮಲ್ಲಿಯೂ ಕೋವಿ ಇದ್ದರೆ, ಚಿಕಿತ್ಸೆ ಒಂದು ಹದಕ್ಕೆ ಬರುವವರೆಗೆ ಅದನ್ನೂ ತೋಟಾಗಳನ್ನೂ ಬೇರೆಡೆ ಭದ್ರವಾಗಿ ಇಡುವ ಏರ್ಪಾಡನ್ನು ಮನೆಯ ಹಿರಿಯರ ಮೂಲಕ, ಕಾನೂನಿಗೆ ಒಳಪಟ್ಟು, ಮಾಡಿಸಿ. ಬದುಕೇ ಬೇಡ ಎಂಬಂಥ ಮಾತು ಅವರಿಂದ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಅವರು ಒಪ್ಪದಿದ್ದರೆ ನೀವೇ ಮೊದಲು ಕರೆ ಮಾಡಿ.