ಪಾತ್ರೆಯಲ್ಲಿ ಹೆಪ್ಪುಗಟ್ಟುವ ಕೊಬ್ಬು ರಕ್ತನಾಳದಲ್ಲೂ ಹೆಪ್ಪುಗಟ್ಟುತ್ತದೆಯೇ?

ಓದುಗರ ಪತ್ರ: ರಾತ್ರಿ ಮಾಡಿಟ್ಟ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಮೇಲೆ ಈ ಚಳಿಗೆ ಬೆಳಗ್ಗೆ ಬಿಳಿ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಕೊಬ್ಬರಿ ಎಣ್ಣೆಯೂ ಗಟ್ಟಿ. ಸೂರ್ಯಕಾಂತಿ ಎಣ್ಣೆ ಮಾತ್ರ ಹಾಗೇ ಇರುತ್ತದೆ. ಗಟ್ಟಿಯಾಗುವ ಕೊಬ್ಬು ರಕ್ತನಾಳದಲ್ಲೂ ಹೀಗೇ ಕೂರುತ್ತದೆಯೇ? ಕಾಚಂಪುಳಿ (ಹಣ್ಣಿನಿಂದ ಮಾಡುವ ನಮ್ಮ ಕೊಡಗಿನ ಹುಳಿ) ಹಾಕಿದರೆ ಕೊಬ್ಬು ಕರಗುತ್ತದೆ ಎನ್ನುತ್ತಾರೆ ಅವ್ವ. ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿಯಿದೆ, ಕೊಬ್ಬನ್ನು ಪೂರ್ತಿ ಬಿಡಿಸಬೇಕೇ?
– ಮಡಿಕೇರಿ ಸಮೀಪದ ಓದುಗರು

ಸಂಪಾದಕರ ಉತ್ತರ: ರಕ್ತನಾಳದಲ್ಲಿ ನಡೆಯುವುದು ಬೇರೆಯೇ ಸಂಗತಿ. ಅದಕ್ಕೆ ಮೊದಲು ನಿಮ್ಮ ಅಡುಗೆಮನೆಯ ಈ ಮೂರು ಪಾತ್ರೆಗಳನ್ನೇ ನೋಡೋಣ. ಕೊಬ್ಬಿನ ರಚನೆಯೆಲ್ಲ ಅಲ್ಲಿಯೇ ಇದೆ.

ಮೂರರಲ್ಲೂ ಇರುವುದು ಒಂದೇ ಮಾದರಿಯ ಅಣು: ಮೂರು ಇಂಗಾಲಗಳ ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲದ ಬಾಲಗಳು. ಅಪ್ಪನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಎಂದು ಬರೆದಿರುವುದು ಇದನ್ನೇ. ವ್ಯತ್ಯಾಸವೆಲ್ಲ ಬಾಲದಲ್ಲಿ. ಇಂಗಾಲಗಳು ಹಿಡಿಯುವಷ್ಟೂ ಜಲಜನಕ ಹಿಡಿದಿದ್ದರೆ ಅದು ಸ್ಯಾಚುರೇಟೆಡ್, ಬಾಲ ನೇರ. ಎರಡು ಇಂಗಾಲಗಳ ನಡುವೆ ದ್ವಿಬಂಧ (ಜೋಡಿ ಕೊಂಡಿ) ಬಂದರೆ ಅಲ್ಲಿ ಬಾಲ ಬಾಗುತ್ತದೆ. ಸೀಳಿದ ನೇರ ಸೌದೆಯನ್ನು ಒತ್ತಾಗಿ ಪೇರಿಸಬಹುದು, ಸೊಟ್ಟ ಕೊಂಬೆಗಳನ್ನು ಪೇರಿಸಲಾಗದು, ಅಣುಗಳದ್ದೂ ಹಾಗೆಯೇ. 18 ಇಂಗಾಲಗಳ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟೇ ಉದ್ದದ, ಆದರೆ ಒಂದು ದ್ವಿಬಂಧವಿರುವ ಓಲಿಯಿಕ್ ಆಮ್ಲಕ್ಕೆ 13–14 ಡಿಗ್ರಿ ಸಾಕು. ಎರಡು ದ್ವಿಬಂಧಗಳ ಲಿನೋಲಿಯಿಕ್ ಆಮ್ಲ ಸೊನ್ನೆ ಡಿಗ್ರಿಯಲ್ಲೂ ದ್ರವವೇ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಇದೇ ಹೆಚ್ಚು, ಹಾಗಾಗಿ ನಿಮ್ಮಲ್ಲಿಯ ಚಳಿಗೂ ಅದು ಜಗ್ಗುವುದಿಲ್ಲ.

ಕೊಬ್ಬರಿ ಎಣ್ಣೆಯ ಸುಮಾರು ಶೇ 90 ಭಾಗ ಸ್ಯಾಚುರೇಟೆಡ್. ಆದರೂ ಅದು 24–25 ಡಿಗ್ರಿಗೇ ಕರಗುತ್ತದೆ, ಏಕೆಂದರೆ ಅದರಲ್ಲಿ ಅರ್ಧದಷ್ಟು 12 ಇಂಗಾಲಗಳ ಗಿಡ್ಡ ಬಾಲದ ಲಾರಿಕ್ ಆಮ್ಲ. ಹಂದಿ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಭಾಗ ಸುಮಾರು ಶೇ 40 ಮಾತ್ರ. ಓಲಿಯಿಕ್ ಆಮ್ಲವೂ ಹೆಚ್ಚುಕಡಿಮೆ ಅಷ್ಟೇ ಇದೆ. ಪಂದಿ ಕರಿ ಬಿಟ್ಟು, ಗಿಡದ್ದು ಎಂಬ ಧೈರ್ಯದಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಸುರಿಯುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು.

ಇನ್ನು ರಕ್ತನಾಳ. ತಿಂದ ಕೊಬ್ಬು ಇದ್ದ ಹಾಗೇ ರಕ್ತಕ್ಕೆ ಇಳಿಯುವುದಿಲ್ಲ. ಸಣ್ಣಕರುಳಿನಲ್ಲಿ ಪಿತ್ತರಸ ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವ ಬಾಲಗಳನ್ನು ಕತ್ತರಿಸುತ್ತದೆ. ಕರುಳಿನ ಗೋಡೆಯಲ್ಲಿ ಅವು ಮತ್ತೆ ಜೋಡಣೆಯಾಗಿ, ಪ್ರೋಟೀನ್ ಹೊದ್ದ ಕಣಗಳಾಗಿ ದುಗ್ಧನಾಳದ ಮೂಲಕ ರಕ್ತ ಸೇರುತ್ತವೆ. ಸ್ಯಾಚುರೇಟೆಡ್ ಕೊಬ್ಬಿನ ಹಾನಿ ಇರುವುದು ಯಕೃತ್ತಿನಲ್ಲಿ: ರಕ್ತದಿಂದ ಕೊಲೆಸ್ಟ್ರಾಲ್ ಹೊತ್ತ ಎಲ್‌ಡಿಎಲ್ ಕಣಗಳನ್ನು ಹಿಡಿದು ತೆಗೆಯುವ ಗ್ರಾಹಕಗಳನ್ನು ಅದು ಕಡಿಮೆ ಮಾಡುತ್ತದೆ. ಉಳಿದುಹೋದ ಎಲ್‌ಡಿಎಲ್ ಅಪಧಮನಿಯ ಗೋಡೆಯೊಳಗೆ ನುಗ್ಗಿ, ಅಲ್ಲಿ ಉರಿಯೂತ ಹುಟ್ಟಿಸಿ, ವರ್ಷಗಟ್ಟಲೆ ಕಾಲದಲ್ಲಿ ಗಡ್ಡೆ ಕಟ್ಟುತ್ತದೆ. ಚಳಿಗೆ ಹೆಪ್ಪುಗಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪೂರ್ತಿ ಬಿಡಿಸುವುದು ಬೇಡವೇ ಬೇಡ. ದೇಹದ ಪ್ರತಿ ಜೀವಕೋಶದ ಪೊರೆಯೂ ಕೊಬ್ಬಿನ ಬಳಗದ ವಸ್ತುವಾದ ಲಿಪಿಡ್‌ನದ್ದೇ. ಗ್ಲಿಸರಾಲ್‌ನ ಮೂರನೆಯ ಬಾಲದ ಜಾಗದಲ್ಲಿ ಫಾಸ್ಫೇಟ್ ಬಂದರೆ ಫಾಸ್ಫೋಲಿಪಿಡ್ ಆಗುತ್ತದೆ. ಅದರ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ಹಾಗಾಗಿ ನೀರಿನಲ್ಲಿ ಅವು ತಾವಾಗಿಯೇ ಬಾಲಕ್ಕೆ ಬಾಲ ಎದುರಾಗಿ ಎರಡು ಪದರಗಳಾಗಿ ನಿಲ್ಲುತ್ತವೆ. ನಡುನಡುವೆ ಸೇರಿಕೊಂಡ ಕೊಲೆಸ್ಟ್ರಾಲ್, ಪೊರೆ ತೀರ ಸಡಿಲವಾಗದಂತೆ, ತೀರ ಬಿಗಿಯೂ ಆಗದಂತೆ ನೋಡಿಕೊಳ್ಳುತ್ತದೆ. ಪಿತ್ತಾಮ್ಲ, ಕಾರ್ಟಿಸಾಲ್, ಈಸ್ಟ್ರೋಜನ್, ಟೆಸ್ಟೋಸ್ಟಿರಾನ್ ತಯಾರಾಗುವುದು ಕೊಲೆಸ್ಟ್ರಾಲ್‌ನಿಂದಲೇ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಊಟದಲ್ಲಿ ಕೊಬ್ಬಿರಬೇಕು. ಲಿನೋಲಿಯಿಕ್ ಆಮ್ಲವನ್ನಂತೂ ನಮ್ಮ ದೇಹ ತಯಾರಿಸಲಾರದು. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಬೆಳವಣಿಗೆ ನಿಂತು ಚರ್ಮ ಹೊಪ್ಪಳಿಕೆ ಏಳುವುದನ್ನು ವಿಜ್ಞಾನಿಗಳಾದ ಬರ್ ದಂಪತಿ 1929ರಲ್ಲೇ ತೋರಿಸಿದ್ದಾರೆ.

ಕಾಚಂಪುಳಿಯ ವಿಷಯದಲ್ಲಿ ಅವ್ವನ ಮಾತು ಸರಿಯಲ್ಲ. ಗ್ಲಿಸರಾಲ್‌ನಿಂದ ಬಾಲ ಬಿಡಿಸಲು ಕಿಣ್ವ ಬೇಕು, ಇಲ್ಲವೇ ಪ್ರಬಲ ಆಮ್ಲದಲ್ಲೋ ಕ್ಷಾರದಲ್ಲೋ ಬಹಳ ಹೊತ್ತು ಕಾಯಿಸಬೇಕು; ಒಲೆ ಆರಿಸುವ ಮುಂಚೆ ಹಾಕುವ ಒಂದೆರಡು ಚಮಚ ಕಾಚಂಪುಳಿಯಿಂದ ಅದು ಆಗದು. ಹುಳಿ ನಾಲಿಗೆಗೆ ಜಿಡ್ಡು ತಿಳಿಯದಂತೆ ಮಾಡುತ್ತದೆ, ಅಷ್ಟೇ. ಅದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. ಅದನ್ನು ಮಾತ್ರ ಅಪ್ಪನಿಗೆ ಕೊಡಬೇಡಿ, ಯಕೃತ್ತಿಗೆ ಪೆಟ್ಟಾದ ಪ್ರಕರಣಗಳಿವೆ.

ಕೊಬ್ಬನ್ನು ನಿಜವಾಗಿ ಕಡಿಮೆ ಮಾಡುವ ದಾರಿ ನಿಮ್ಮ ಪತ್ರದಲ್ಲೇ ಇದೆ: ಆ ಬಿಳಿ ಪದರವನ್ನು ತೆಗೆದುಬಿಡಿ. ಕರಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ; ಹೊರಗೆ ಬಿಡಬೇಡಿ, ಚಳಿಯಿದ್ದರೂ ಕೆಡಬಹುದು. ಬಿಸಿಯಿರುವಾಗ ಸೌಟಿನಿಂದ ಬಿರುಸಾಗಿ ತಿರುವಿದರೆ ಕೊಬ್ಬು ಸಣ್ಣ ಹನಿಗಳಾಗಿ ಮಸಾಲೆಯಲ್ಲಿ ಬೆರೆತು ಸುಲಭವಾಗಿ ಮೇಲೆ ಬರುವುದಿಲ್ಲ, ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ಕದಡಬೇಡಿ. ಬೆಳಗ್ಗೆ ಚಮಚದಿಂದ ಪದರವನ್ನು ಎತ್ತಿ ತೆಗೆದು, ಉಳಿದದ್ದನ್ನು ಚೆನ್ನಾಗಿ ಕುದಿಸಿ ಬಡಿಸಿ. ತೆಗೆದದ್ದನ್ನು ಸಿಂಕ್‌ಗೆ ಸುರಿಯಬೇಡಿ, ಪೈಪಿನಲ್ಲಿ ಅದು ಖಂಡಿತ ಗಟ್ಟಿಯಾಗುತ್ತದೆ. ತೊಗಲಿನಡಿಯ ಕೊಬ್ಬು ತುಂಡಿನಲ್ಲೇ ಉಳಿಯುವುದರಿಂದ ಅಪ್ಪನ ತಟ್ಟೆಗೆ ಮಾಂಸದ ಭಾಗವನ್ನೇ ಹಾಕಿ.

ಅಳತೆಗೆ ಹೇಳುವುದಾದರೆ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲೊರಿಯ ಶೇ 10 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅಂದರೆ ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲೇ 11–12 ಗ್ರಾಂ ಹೋಯಿತು. ಅಪ್ಪನ ಮಿತಿಯನ್ನು ಇನ್ನೂ ಕೆಳಗಿಡಬೇಕೇ ಎಂಬುದನ್ನು ಅವರ ಡಾಕ್ಟರೇ ಹೇಳಬೇಕು. ಡಾಕ್ಟರ್ ಕೊಟ್ಟ ಮಾತ್ರೆ ನಡೆಯುತ್ತಿದ್ದರೆ ನಿಲ್ಲಿಸಬೇಡಿ.

ನೀವು ಕೇಳದ ಒಂದು ವಿಷಯವೂ ಇದೆ. ಕಾಫಿ ಬೀಜದಲ್ಲೂ ಲಿಪಿಡ್ ಇದೆ. ಅದರಲ್ಲಿನ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಪುಡಿ ಕುದಿಸಿ, ಗಸಿ ತಳಕ್ಕಿಳಿದ ಮೇಲೆ ಕುಡಿಯುವ ಬೆಲ್ಲದ ಕಾಫಿಯಲ್ಲಿ ಇದು ಹೆಚ್ಚಾಗಿ ಉಳಿಯುತ್ತದೆ, ಕಾಗದದ ಫಿಲ್ಟರ್‌ನಲ್ಲಿ ಸೋಸಿದರೆ ಬಹುಪಾಲು ಕಾಗದದಲ್ಲೇ ನಿಲ್ಲುತ್ತದೆ. ಅಪ್ಪ ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಾದರೆ ಕಾಗದದಲ್ಲಿ ಸೋಸಿದ ಡಿಕಾಕ್ಷನ್‌ಗೇ ಬೆಲ್ಲ ಬೆರೆಸಿ ಕೊಡಿ.